ಹೊಸ ತಳಿಗಳ ಶಿಲ್ಪಿ ಲೂಥರ್ ಬರ್ಬ್ಯಾಂಕ್

ಮನೆಯಂಗಳದ ಕುಂಡದಲ್ಲಿ ಅರಳುವ ಕಾರ್ನೇಷನ್ ಆಗಲಿ, ಬುಟ್ಟಿ ತುಂಬಿ ಪೇಟೆಗೆ ಹೋಗುವ ಸೇವಂತಿಗೆ ಆಗಲಿ, ಕಾಡಿನಲ್ಲಿ ಇದ್ದ ಹಾಗೆಯೇ ನಮ್ಮ ಕೈಗೆ ಬಂದ ಹೂಗಳಲ್ಲ. ಕಾಡು ಕಾರ್ನೇಷನ್ನಿಗೆ ಇದ್ದದ್ದು ಐದೇ ದಳ. ಇಂದಿನ ಹೂವಿನಲ್ಲಿ ದಳದ ಮೇಲೆ ದಳ, ಬಣ್ಣದ ಮೇಲೆ ಬಣ್ಣ. ಇದರ ಹಿಂದೆ ನೂರಾರು ವರ್ಷಗಳ ಕಾಲ ತೋಟಗಾರರು ಮಾಡಿದ ಆಯ್ಕೆ ಇದೆ, ಬೆರಕೆ ಇದೆ.

ಮನುಷ್ಯನು ಬೇಕೆಂದೇ ಎರಡು ಜಾತಿಯ ಹೂಗಳನ್ನು ಕೂಡಿಸಿದ ಮೊದಲ ದಾಖಲೆಯೂ ಕಾರ್ನೇಷನ್ನಿಗೆ ಸೇರಿದ್ದು. ಲಂಡನ್ ನಗರದ ಥಾಮಸ್ ಫೇರ್‌ಚೈಲ್ಡ್ ಎಂಬ ತೋಟಗಾರರು 1717ಕ್ಕೆ ಮುಂಚೆಯೇ ಕಾರ್ನೇಷನ್ ಹೂವಿಗೆ ಅದರ ದಾಯಾದಿಯಾದ ಸ್ವೀಟ್ ವಿಲಿಯಂ ಹೂವಿನ ಪರಾಗವನ್ನು ಸೋಕಿಸಿ ಹೊಸದೊಂದು ಗಿಡ ಪಡೆದರು. ಅದು ಎರಡು ಹೂಗಳನ್ನೂ ಹೋಲುತ್ತಿತ್ತು. ಆದರೆ ಹೇಸರಗತ್ತೆಗೆ ಮರಿಯಾಗದಂತೆ ಆ ಗಿಡಕ್ಕೂ ಬೀಜ ಕಟ್ಟಲಿಲ್ಲ. ಆದ್ದರಿಂದಲೇ ಜನ ಅದನ್ನು ಫೇರ್‌ಚೈಲ್ಡರ ಹೇಸರಗತ್ತೆ ಎಂದು ಕರೆದರು.

ಅದಾಗಿ ಸುಮಾರು ನೂರೈವತ್ತು ವರ್ಷಗಳ ಮೇಲೆ ಅಮೆರಿಕದಲ್ಲಿ ಒಬ್ಬ ಬೇಸಾಯಗಾರರು ಇದೇ ಕೆಲಸವನ್ನು ಹಿಡಿದು, ಬೀಜ ಕಟ್ಟುವ ಬೆರಕೆಗಳನ್ನೂ ಪಡೆದು, ಹೂವು, ಹಣ್ಣು, ತರಕಾರಿ ಎಲ್ಲ ಸೇರಿ 800ಕ್ಕೂ ಹೆಚ್ಚು ತಳಿಗಳನ್ನು ಲೋಕಕ್ಕೆ ಕೊಟ್ಟರು. ಅವರೇ ಲೂಥರ್ ಬರ್ಬ್ಯಾಂಕ್. ಅವರ ಕಾಲದ ಪತ್ರಿಕೆಗಳು ಅವರನ್ನು ಸಸ್ಯಲೋಕದ ಮಾಂತ್ರಿಕ ಎಂದು ಕೊಂಡಾಡಿದವು. ಆದರೆ ಅವರ ಬದುಕನ್ನು ನೋಡಿದರೆ ಅಲ್ಲಿ ಮಂತ್ರವೇನೂ ಕಾಣುವುದಿಲ್ಲ. ಕಾಣುವುದು ಹೊಲದ ಮೇಲಿಟ್ಟ ಕಣ್ಣು, ಬೇಡವಾದದ್ದನ್ನು ಕಿತ್ತೆಸೆಯುವ ಧೈರ್ಯ ಮತ್ತು ವರ್ಷಗಟ್ಟಲೆ ಕಾಯುವ ತಾಳ್ಮೆ. ಅವರಲ್ಲಿ ಒಂದು ದೊಡ್ಡ ಕೊರತೆಯೂ ಇತ್ತು. ಈ ಎರಡನ್ನೂ ರೈತರು ತಿಳಿಯುವುದು ಒಳ್ಳೆಯದು.

ಬಾಲ್ಯ ಮತ್ತು ಓದು

ಬರ್ಬ್ಯಾಂಕ್ ಹುಟ್ಟಿದ್ದು 1849ರ ಮಾರ್ಚ್ 7ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಲ್ಯಾಂಕಾಸ್ಟರ್ ಎಂಬ ಊರಿನಲ್ಲಿ. ತಂದೆಗೆ ಬೇಸಾಯವಿತ್ತು, ಜೊತೆಗೆ ಇಟ್ಟಿಗೆ ಗೂಡು. ತುಂಬು ಸಂಸಾರದಲ್ಲಿ ಲೂಥರ್ ಹದಿಮೂರನೆಯ ಮಗು. ಊರಿನ ಶಾಲೆಯಲ್ಲಿ ಓದಿದ್ದಷ್ಟೇ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಹುಡುಗನಾಗಿದ್ದಾಗ ನೇಗಿಲು ಮಾಡುವ ಕಾರ್ಖಾನೆಯೊಂದರಲ್ಲಿ ಮರಗೆಲಸ ಮಾಡಿದ್ದೂ ಉಂಟು.

1868ರಲ್ಲಿ ತಂದೆ ತೀರಿಕೊಂಡರು. ಆ ವರ್ಷವೇ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಅವರು ಸಾಕುಪ್ರಾಣಿಗಳಲ್ಲಿಯೂ ಬೆಳೆಗಳಲ್ಲಿಯೂ ಕಾಣುವ ವ್ಯತ್ಯಾಸಗಳನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥ ಯುವಕ ಬರ್ಬ್ಯಾಂಕರ ಕೈಗೆ ಸಿಕ್ಕಿತು. ಒಂದು ತಾಯಿಯ ಮಕ್ಕಳೆಲ್ಲ ಒಂದೇ ತರ ಇರುವುದಿಲ್ಲ. ಅವರವರಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸಗಳಲ್ಲಿ ಬೇಕಾದುದನ್ನು ಆರಿಸಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸುತ್ತ ಹೋದರೆ ಹೊಸ ತಳಿ ಸಿಗುತ್ತದೆ ಎಂಬ ಮಾತು ಅವರ ಮನಸ್ಸಿನಲ್ಲಿ ನಾಟಿತು. ಪಿತ್ರಾರ್ಜಿತವಾಗಿ ಬಂದ ಹಣದಲ್ಲಿ ಲೂನೆನ್‌ಬರ್ಗ್ ಎಂಬಲ್ಲಿ 17 ಎಕರೆ ಜಮೀನು ಕೊಂಡು, ಪೇಟೆಗೆ ತರಕಾರಿ ಬೆಳೆಯತೊಡಗಿದರು.

ಒಂದು ಕಾಯಿ, 23 ಬೀಜ

ಆಲೂಗಡ್ಡೆಯನ್ನು ನಾವು ಗೆಡ್ಡೆಯಿಂದಲೇ ಬೆಳೆಯುತ್ತೇವೆ. ಹಾಸನದ ರೈತರಾಗಲಿ, ಚಿಕ್ಕಬಳ್ಳಾಪುರದ ರೈತರಾಗಲಿ ಬಿತ್ತುವುದು ಮೊಳಕೆ ಬಂದ ಗೆಡ್ಡೆಯನ್ನು. ಗೆಡ್ಡೆಯಿಂದ ಬಂದ ಗಿಡ ತಾಯಿಯ ಪಡಿಯಚ್ಚು. ಅದರಿಂದ ಹೊಸ ತಳಿ ಹುಟ್ಟುವುದು ಬಹಳ ಅಪರೂಪ. ಆದರೆ ಆಲೂಗಡ್ಡೆ ಗಿಡ ಹೂಬಿಟ್ಟು, ಕೆಲವೊಮ್ಮೆ ಎಳೆಯ ಟೊಮ್ಯಾಟೊದಂತಹ ಹಸಿರು ಕಾಯಿ ಬಿಡುವುದೂ ಉಂಟು. ಆ ಕಾಯಿಯೊಳಗಿನ ಬೀಜ ಬಿತ್ತಿದರೆ ಒಂದೊಂದು ಸಸಿಯೂ ಒಂದೊಂದು ತರ.

1872ರಲ್ಲಿ ಬರ್ಬ್ಯಾಂಕರ ಹೊಲದಲ್ಲಿ ಅರ್ಲಿ ರೋಸ್ ಎಂಬ ತಳಿಯ ಆಲೂಗಡ್ಡೆ ಇತ್ತು. ಆ ತಳಿ ಕಾಯಿ ಬಿಡುವುದೇ ವಿರಳ. ಒಂದು ಗಿಡದಲ್ಲಿ ಒಂದೇ ಒಂದು ಕಾಯಿ ಕಂಡಿತು. ಅದು ಬಲಿಯಲಿ ಎಂದು ದಿನವೂ ಹೋಗಿ ನೋಡಿ ಬರುತ್ತಿದ್ದರು. ಒಂದು ದಿನ ಹೋಗಿ ನೋಡಿದರೆ ಕಾಯಿ ಇಲ್ಲ! ಬೇರೆ ಯಾರಾದರೂ ಆಗಿದ್ದರೆ ಹೋದರೆ ಹೋಯಿತು ಎಂದು ಸುಮ್ಮನಾಗುತ್ತಿದ್ದರು. ಬರ್ಬ್ಯಾಂಕ್ ಬಿಡಲಿಲ್ಲ. ಸಾಲು ಸಾಲಾಗಿ ಹುಡುಕಿ, ಗಿಡದಿಂದ ಕೆಲವು ಅಡಿ ದೂರದಲ್ಲಿ ನೆಲದ ಮೇಲೆ ಬಿದ್ದಿದ್ದ ಕಾಯಿಯನ್ನು ಪತ್ತೆ ಮಾಡಿದರು. ಅದರಲ್ಲಿ ಇದ್ದದ್ದು 23 ಬೀಜ.

ಮರುವರ್ಷ ಅವುಗಳನ್ನು ಬಿತ್ತಿ, ಒಂದೊಂದು ಗಿಡದ ಗೆಡ್ಡೆಗಳನ್ನೂ ಬೇರೆ ಬೇರೆಯಾಗಿ ಅಗೆದು ನೋಡಿದರು. ಕೆಲವು ಚಿಕ್ಕವು, ಕೆಲವು ವಕ್ರ, ಕೆಲವಕ್ಕೆ ಆಳವಾದ ಕಣ್ಣು. ಆದರೆ ಒಂದು ಸಸಿ ಮಾತ್ರ ದೊಡ್ಡದಾದ, ನಯವಾದ, ಬಿಳಿ ತಿರುಳಿನ ಗೆಡ್ಡೆಗಳನ್ನು ಹೇರಳವಾಗಿ ಕೊಟ್ಟಿತು. ಅದನ್ನೇ ಬೆಳೆಸಿ, ಹೆಚ್ಚಿಸಿ, 1875ರಲ್ಲಿ ಮಾರ್ಬಲ್‌ಹೆಡ್ ಊರಿನ ಬೀಜದ ವ್ಯಾಪಾರಿ ಜೇಮ್ಸ್ ಗ್ರೆಗರಿ ಅವರಿಗೆ 150 ಡಾಲರಿಗೆ ಮಾರಿದರು. ಗ್ರೆಗರಿ ಅದಕ್ಕೆ ಬರ್ಬ್ಯಾಂಕರ ಹೆಸರನ್ನೇ ಇಟ್ಟರು. ಹತ್ತು ಗೆಡ್ಡೆಗಳನ್ನು ಅವರಿಗೇ ಬಿಟ್ಟುಕೊಟ್ಟರು.

ಮುಂದೆ ಈ ತಳಿಯ ಗೆಡ್ಡೆಗಳಲ್ಲಿ ಒರಟು ಕಂದು ಸಿಪ್ಪೆಯ ಒಂದು ವ್ಯತ್ಯಾಸ ತಾನಾಗಿ ಕಾಣಿಸಿಕೊಂಡಿತು. ಅದೇ ರಸೆಟ್ ಬರ್ಬ್ಯಾಂಕ್. ಹೋಟೆಲುಗಳಲ್ಲಿ ಉದ್ದುದ್ದ ಸೀಳಿ ಎಣ್ಣೆಯಲ್ಲಿ ಕರಿಯುವ ಆಲೂಗಡ್ಡೆಗೆ ಹೇಳಿ ಮಾಡಿಸಿದ ತಳಿ ಎಂದು ಹೆಸರು ಪಡೆದು, ಅದು ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಸಿದ್ಧವಾದ ಆಲೂಗಡ್ಡೆಯಾಯಿತು. ಕೋಟ್ಯಂತರ ಡಾಲರಿನ ಬೆಳೆ. ಅದರ ಮೂಲ ತಳಿಯನ್ನು ಕಂಡುಹಿಡಿದವರಿಗೆ ದಕ್ಕಿದ್ದು 150 ಡಾಲರು.

ಕ್ಯಾಲಿಫೋರ್ನಿಯಾಕ್ಕೆ ಪಯಣ

ಆ ಹಣವನ್ನೂ ಹತ್ತು ಗೆಡ್ಡೆಗಳನ್ನೂ ಹಿಡಿದು 26ನೆಯ ವಯಸ್ಸಿನಲ್ಲಿ ಬರ್ಬ್ಯಾಂಕ್ ದೇಶದ ಪಶ್ಚಿಮ ತುದಿಯ ಕ್ಯಾಲಿಫೋರ್ನಿಯಾಕ್ಕೆ ರೈಲು ಹತ್ತಿದರು. ಅವರ ಅಣ್ಣಂದಿರು ಮೊದಲೇ ಅಲ್ಲಿ ನೆಲೆಸಿದ್ದರು. ಹುಟ್ಟೂರಿನ ಕಡೆ ಚಳಿಗಾಲ ದೀರ್ಘ. ವರ್ಷದಲ್ಲಿ ಕೆಲವೇ ತಿಂಗಳು ಬೇಸಾಯ. ಸಾಂಟಾ ರೋಸಾ ಎಂಬ ಊರಿನ ಹವೆ ಹಿತವಾದದ್ದು, ಮಣ್ಣು ಫಲವತ್ತಾದದ್ದು.

ಆದರೆ ಮೊದಲ ವರ್ಷಗಳು ಕಷ್ಟದವು. ಸಿಕ್ಕಿದ ಬಡಗಿ ಕೆಲಸ ಮಾಡಿದರು. ಒಂದು ಸಸಿಮಡಿಯಲ್ಲಿ ಕೂಲಿಗೆ ಸೇರಿ, ಬಿಸಿಮನೆಯ ಮೇಲಿನ ತೇವದ ಅಟ್ಟದಲ್ಲಿ ಮಲಗಿ ಜ್ವರ ಹಿಡಿಸಿಕೊಂಡರು. ಕ್ರಮೇಣ ನಾಲ್ಕು ಎಕರೆ ಜಾಗ ಸಂಪಾದಿಸಿ ತಮ್ಮದೇ ಸಸಿಮಡಿ ಆರಂಭಿಸಿದರು.

1881ರಲ್ಲಿ ಅವರ ಹೆಸರು ಸುತ್ತಲ ಊರುಗಳಿಗೆಲ್ಲ ಹಬ್ಬಿಸಿದ ಸಂಗತಿಯೊಂದು ನಡೆಯಿತು. ವಾರೆನ್ ಡಟನ್ ಎಂಬ ಬ್ಯಾಂಕಿನ ಒಡೆಯರು ಪ್ರೂನ್ ತೋಟ ಹಾಕಬೇಕೆಂದಿದ್ದರು. ಪ್ರೂನ್ ಎಂದರೆ ಒಣಗಿಸಿ ಇಡುವ ಒಂದು ಬಗೆಯ ಪ್ಲಮ್ ಹಣ್ಣು. ಡಟನ್ ಅವರಿಗೆ ಬೇಕಾದದ್ದು 20,000 ಕಸಿ ಗಿಡ, ಅದೂ ಆ ವರ್ಷದ ಕೊನೆಯೊಳಗೆ. ಪ್ಲಮ್ ಬೀಜ ಹಾಕಿ ಸಸಿ ಎಬ್ಬಿಸಿ ಕಸಿ ಮಾಡಲು ಎರಡು ವರ್ಷವಾದರೂ ಹಿಡಿಯುತ್ತದೆ. ಬೇರೆ ಸಸಿಮಡಿಯವರು ಆಗದು ಎಂದರು. ಬರ್ಬ್ಯಾಂಕ್ ಯೋಚಿಸಿ ಒಪ್ಪಿಕೊಂಡರು.

ಅವರ ಉಪಾಯ ಇದು. ಬಾದಾಮಿ ಪ್ಲಮ್ಮಿನ ಹತ್ತಿರದ ನೆಂಟ. ಅದರ ಬೀಜ ಬೇಗ ಮೊಳೆಯುತ್ತದೆ. ಸಸಿ ಬೇಗ ಬೆಳೆಯುತ್ತದೆ. ಬಾದಾಮಿ ಬೀಜಗಳನ್ನು ತೇವದ ಮರಳಿನಲ್ಲಿ ಇಟ್ಟು ಮೊಳಕೆ ಬರಿಸಿ, ಸಾಲಿನಲ್ಲಿ ನೆಟ್ಟು, ಬೇಸಿಗೆಯಲ್ಲಿ ಪೆನ್ಸಿಲ್ ಗಾತ್ರದ ಸಸಿಗಳಿಗೆ ಪ್ರೂನ್ ಕಣ್ಣು ಹಾಕಿದರು. ಕಣ್ಣು ಹಿಡಿದ ಮೇಲೆ ಸಸಿಯ ತಲೆಯನ್ನು ಪೂರ್ತಿ ಕತ್ತರಿಸದೆ ಅರ್ಧ ಮುರಿದು ಬಗ್ಗಿಸಿದರು. ಇದರಿಂದ ಬೇರಿಗೆ ಆಹಾರವೂ ಸಿಕ್ಕಿತು, ಹೊಸ ಕಣ್ಣು ಚಿಗುರುವುದಕ್ಕೆ ಒತ್ತಾಸೆಯೂ ಆಯಿತು. ಡಿಸೆಂಬರಿನ ಹೊತ್ತಿಗೆ 19,500 ಗಿಡ ಸಿದ್ಧ. ಕಸಿ ಮಾಡುವ ರೈತರಿಗೆ ಈ ಉಪಾಯದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಸಸಿಮಡಿಯಿಂದ ಲಾಭ ಬರತೊಡಗಿತು. 1885ರಲ್ಲಿ ಸೆಬಾಸ್ಟೊಪೋಲ್ ಎಂಬಲ್ಲಿ ಪ್ರಯೋಗಕ್ಕೆಂದೇ ಇನ್ನೊಂದು ಜಮೀನು ಕೊಂಡರು. ಕೆಲವು ವರ್ಷಗಳಲ್ಲಿ ಲಾಭದ ಸಸಿ ವ್ಯಾಪಾರವನ್ನು ಬಿಟ್ಟು, ಪೂರ್ತಿಯಾಗಿ ಹೊಸ ತಳಿಗಳ ಕೆಲಸಕ್ಕೇ ಇಳಿದರು. ಆದಾಯ ಬರುವ ಕಸುಬನ್ನು ಬಿಟ್ಟು, ಹತ್ತು ವರ್ಷಕ್ಕೆ ಫಲ ಕೊಡುವುದೋ ಇಲ್ಲವೋ ತಿಳಿಯದ ಕೆಲಸವನ್ನು ಹಿಡಿಯುವುದು ಸಣ್ಣ ಮಾತಲ್ಲ.

ಬಿಳಿ ಡೇಸಿಯ ಕಥೆ

ಬರ್ಬ್ಯಾಂಕರ ಹೂಗಳಲ್ಲಿ ಹೆಸರಾದದ್ದು ಶಾಸ್ತಾ ಡೇಸಿ. ಡೇಸಿ ಎಂಬುದು ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಹೂವು. ನಡುವೆ ಹಳದಿ ಬಿಲ್ಲೆ, ಸುತ್ತ ಬಿಳಿ ಎಸಳು. ಅವರ ಹುಟ್ಟೂರಿನ ಕಡೆ ಹುಲ್ಲುಗಾವಲಿನಲ್ಲಿ ಸಣ್ಣ ಹೂವಿನ ಕಾಡು ಡೇಸಿ ತಾನಾಗಿ ಬೆಳೆಯುತ್ತಿತ್ತು. ಮಕ್ಕಳಿಗೆ ಅದು ಆಟದ ಹೂವು, ರೈತರಿಗೆ ಕಳೆ. ಈ ಕಳೆಯಿಂದಲೇ ದೊಡ್ಡದಾದ, ಅಚ್ಚ ಬಿಳುಪಿನ, ಕೊಯ್ದಿಟ್ಟರೆ ಬಹುದಿನ ಬಾಡದ ಹೂವನ್ನು ಪಡೆಯಬೇಕೆಂದು ಬರ್ಬ್ಯಾಂಕ್ ಬಯಸಿದರು. 1884ರ ಸುಮಾರಿಗೆ ಕೆಲಸ ಆರಂಭವಾಯಿತು.

ಮೊದಲು ಕಾಡು ಡೇಸಿಯ ಬೀಜಗಳನ್ನು ಬಿತ್ತಿ ಒಳ್ಳೆಯ ಗಿಡಗಳನ್ನು ಆರಿಸಿದರು. ಈ ಆಯ್ಕೆಯಿಂದ ಸ್ವಲ್ಪ ದೂರ ಸಾಗಬಹುದು, ಅಷ್ಟೇ; ಗಿಡದಲ್ಲಿ ಇಲ್ಲದ ಗುಣವನ್ನು ಆಯ್ಕೆ ತಂದುಕೊಡಲಾರದು. ಆದ್ದರಿಂದ ಯೂರೋಪಿನಿಂದ ದೊಡ್ಡ ಹೂವಿನ ಡೇಸಿಯನ್ನು ತರಿಸಿ ಅದರೊಡನೆ ಬೆರೆಸಿದರು. ಪೋರ್ಚುಗಲ್ ದೇಶದ ಮತ್ತೊಂದು ಜಾತಿಯನ್ನೂ ಸೇರಿಸಿದರು. ಹೂವು ದೊಡ್ಡದಾಯಿತು, ಗಿಡ ಗಟ್ಟಿಯಾಯಿತು. ಆದರೆ ಬಯಸಿದ ಬಿಳುಪು ಬರಲಿಲ್ಲ. ಕೊನೆಗೆ ಜಪಾನಿನಿಂದ ಸಣ್ಣ ಹೂವಿನ, ಆದರೆ ಹಾಲಿನಂತೆ ಬೆಳ್ಳಗಿರುವ ಒಂದು ಜಾತಿಯನ್ನು ತರಿಸಿ ಅದರ ಪರಾಗ ಹಾಕಿದರು.

ಡೇಸಿಯಲ್ಲಿ ಬೆರಕೆ ಮಾಡುವುದು ಸುಲಭವಲ್ಲ. ನಾವು ಒಂದು ಹೂವು ಎನ್ನುವುದು ನಿಜವಾಗಿ ನೂರಾರು ಕಿರುಹೂಗಳ ಗೊಂಚಲು. ಒಂದೊಂದರ ಕೇಸರವನ್ನೂ ಚಿಮುಟದಿಂದ ಕಿತ್ತು ತೆಗೆಯಲು ಸಾಧ್ಯವಿಲ್ಲ. ಬರ್ಬ್ಯಾಂಕ್ ನೀರಿನ ಸಣ್ಣ ಧಾರೆಯಿಂದ ಹೂವನ್ನು ತೊಳೆದು ಅದರದೇ ಪರಾಗವನ್ನು ಕಳೆದು, ನೀರು ಆರಿದ ಮೇಲೆ ಬೇಕಾದ ಗಿಡದ ಪರಾಗವನ್ನು ಸೋಕಿಸುತ್ತಿದ್ದರು.

ಬೆರಕೆಯ ಮೊದಲ ಪೀಳಿಗೆಗೆ ಅವರು ಮರುಳಾಗಲಿಲ್ಲ. ಅವರಿಗೆ ಬೇಕಾದದ್ದು ಆ ಗಿಡಗಳ ಬೀಜದಿಂದ ಬರುವ ಎರಡನೆಯ, ಮೂರನೆಯ ಪೀಳಿಗೆ. ತಾಯಿ ತಂದೆಯರ ಗುಣಗಳು ಬಿಡಿಬಿಡಿಯಾಗಿ ಹೊಸ ಹೊಸ ರೀತಿಯಲ್ಲಿ ಸೇರಿಕೊಳ್ಳುವುದು ಅಲ್ಲಿಯೇ. ಹೈಬ್ರಿಡ್ ಬೆಳೆಯ ಬೀಜವನ್ನು ಉಳಿಸಿ ಬಿತ್ತಿದರೆ ಗಿಡಗಳು ಏಕರೂಪವಾಗಿ ಬರುವುದಿಲ್ಲ ಎಂಬುದು ರೈತರಿಗೆ ಗೊತ್ತು. ಬೆಳೆಗಾರನಿಗೆ ತೊಂದರೆಯಾದ ಈ ಚೆದರಾಟವೇ ತಳಿಗಾರನಿಗೆ ಬಂಡವಾಳ. ಬರ್ಬ್ಯಾಂಕ್ ಸಾವಿರಾರು ಸಸಿ ಬೆಳೆಸಿ, ಬೆರಳೆಣಿಕೆಯಷ್ಟನ್ನು ಉಳಿಸಿಕೊಂಡು, ಉಳಿದೆಲ್ಲವನ್ನೂ ಕಿತ್ತರು. ಮರುವರ್ಷ ಮತ್ತೆ ಹಾಗೆಯೇ.

ಹೀಗೆ ಸುಮಾರು 17 ವರ್ಷ ಕಳೆದವು. 1901ರಲ್ಲಿ ಹೊಸ ಹೂವು ಬಿಡುಗಡೆಯಾಯಿತು. ಕ್ಯಾಲಿಫೋರ್ನಿಯಾದ ಉತ್ತರದಲ್ಲಿ ಹಿಮ ಹೊದ್ದು ನಿಂತಿರುವ ಶಾಸ್ತಾ ಪರ್ವತದ ಹೆಸರನ್ನು ಅದಕ್ಕೆ ಇಟ್ಟರು. ಒಮ್ಮೆ ಒಳ್ಳೆಯ ಗಿಡ ದೊರೆತ ಮೇಲೆ ಅದನ್ನು ಬುಡ ಸೀಳಿ ಹೆಚ್ಚಿಸಿದರೆ ಗುಣ ಕೆಡುವುದಿಲ್ಲ. ಕಾರ್ನೇಷನ್ನಿನಲ್ಲಿ ಚಿಗುರು ತುಂಡುಗಳನ್ನು ಬೇರು ಬರಿಸಿ ನೆಡುವುದೂ ಇದೇ ಕಾರಣಕ್ಕೆ.

ಸಾವಿರದಲ್ಲಿ ಒಂದು

ಬರ್ಬ್ಯಾಂಕರ ಕೆಲಸದ ಕ್ರಮದಲ್ಲಿ ಮೂರು ವಿಷಯಗಳು ಮುಖ್ಯ. ಮೊದಲನೆಯದು, ದೂರದ ದೇಶಗಳಿಂದ ಹೊಸ ಮೂಲಗಳನ್ನು ತರಿಸುವುದು. ಜಪಾನಿನಿಂದ ಅವರು ತರಿಸಿದ ಪ್ಲಮ್ ಸಸಿಗಳು ಅಮೆರಿಕದ ಪ್ಲಮ್ ಬೇಸಾಯದ ದಿಕ್ಕನ್ನೇ ಬದಲಿಸಿದವು. 1906ರಲ್ಲಿ ಬಿಡುಗಡೆಯಾದ ಸಾಂಟಾ ರೋಸಾ ಪ್ಲಮ್ ಇಂದಿಗೂ ಬೆಳೆಯುವ ತಳಿ.

ಎರಡನೆಯದು, ಕಾಲವನ್ನು ಉಳಿಸುವುದು. ಬೀಜದಿಂದ ಎದ್ದ ಪ್ಲಮ್ ಸಸಿ ಹಣ್ಣು ಬಿಡಲು ಹಲವು ವರ್ಷ ಬೇಕು. ಅವರು ಎಳೆಯ ಸಸಿಯ ತುದಿಯನ್ನು ಕೊಯ್ದು ಬೆಳೆದು ನಿಂತ ಮರದ ಕೊಂಬೆಗೆ ಕಸಿ ಮಾಡುತ್ತಿದ್ದರು. ಒಂದೇ ಮರದ ಮೇಲೆ ನೂರಾರು ಸಸಿಗಳ ಕಸಿ. ಎರಡು ಮೂರು ವರ್ಷದಲ್ಲಿ ಹಣ್ಣು ನೋಡಿ ತೀರ್ಪು ಕೊಡಬಹುದಿತ್ತು. ಜಾಗವೂ ಉಳಿಯಿತು, ವರ್ಷವೂ ಉಳಿಯಿತು.

ಮೂರನೆಯದೇ ದೊಡ್ಡದು, ನಿರ್ದಾಕ್ಷಿಣ್ಯವಾದ ಆಯ್ಕೆ. ಸಸಿಗಳ ಸಾಲಿನಲ್ಲಿ ಅವರು ಬೇಗ ಬೇಗ ನಡೆದು ಹೋಗುವರು. ಎಲೆ, ಮೊಗ್ಗು, ಕಾಂಡಗಳನ್ನು ನೋಡಿಯೇ ಇದು ಬೇಕು, ಇದು ಬೇಡ ಎಂದು ಗುರುತಿಸುವರು. ಗುರುತು ಹಾಕಿದ್ದಷ್ಟೇ ಉಳಿಯುವುದು, ಮಿಕ್ಕಿದ್ದಕ್ಕೆ ಬೆಂಕಿ. ಒಂದು ಬೆರ್ರಿ ಹಣ್ಣಿನ ತಳಿಗಾಗಿ ಹತ್ತಾರು ಸಾವಿರ ಪೊದೆಗಳನ್ನು ರಾಶಿ ಹಾಕಿ ಸುಟ್ಟದ್ದುಂಟು. ನೋಡಿದವರಿಗೆ ಇದು ಹುಚ್ಚು. ಆದರೆ ಸುಮಾರಾದದ್ದನ್ನು ಉಳಿಸಿಕೊಂಡರೆ ಅತ್ಯುತ್ತಮವಾದದ್ದಕ್ಕೆ ಜಾಗವಿರುವುದಿಲ್ಲ ಎಂಬುದು ಅವರ ಲೆಕ್ಕ.

ಬರೆದಿಡದ ಲೆಕ್ಕ

1893ರಲ್ಲಿ ಹಣ್ಣು ಹೂಗಳ ಹೊಸ ಸೃಷ್ಟಿಗಳೆಂಬ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿದ ಮೇಲೆ ಅವರ ಕೀರ್ತಿ ದೇಶಾಂತರಕ್ಕೆ ಹಬ್ಬಿತು. ಹಾಲೆಂಡಿನ ಹೆಸರಾಂತ ವಿಜ್ಞಾನಿ ಹ್ಯೂಗೊ ಡಿ ಫ್ರೀಸ್ 1904ರಲ್ಲಿ ಅವರ ತೋಟಕ್ಕೆ ಬಂದು ನೋಡಿದರು. 1905ರಲ್ಲಿ ಕಾರ್ನೆಗಿ ಸಂಸ್ಥೆಯು ವರ್ಷಕ್ಕೆ 10,000 ಡಾಲರ್ ನೆರವು ಕೊಡಲು ಮುಂದಾಯಿತು. ಅವರ ವಿಧಾನವನ್ನು ದಾಖಲಿಸಲು ಜಾರ್ಜ್ ಶಲ್ ಎಂಬ ತರುಣ ವಿಜ್ಞಾನಿಯನ್ನೂ ಕಳುಹಿಸಿತು.

ಇಲ್ಲಿಯೇ ಕೊರತೆ ಬಯಲಾಯಿತು. ಯಾವ ಗಿಡಕ್ಕೆ ಯಾವುದರ ಪರಾಗ ಹಾಕಿದ್ದು, ಎಷ್ಟು ಬೀಜ ಬಂತು, ಎಷ್ಟು ಸಸಿಗಳಲ್ಲಿ ಯಾವ ಗುಣ ಕಂಡಿತು ಎಂಬುದಕ್ಕೆ ಬರ್ಬ್ಯಾಂಕರಲ್ಲಿ ಸರಿಯಾದ ಲೆಕ್ಕ ಇರಲಿಲ್ಲ. ಅವರ ಗುರುತುಗಳು ಅವರಿಗಷ್ಟೇ ಅರ್ಥವಾಗುವಂಥವು; ಬಹುಪಾಲು ನೆನಪಿನಲ್ಲಿಯೇ ಇದ್ದವು. ಅವರ ಗುರಿ ಹೊಸ ತಳಿ. ವಿಜ್ಞಾನಿಗೆ ಬೇಕಾದದ್ದು ಅದು ಹೇಗೆ ಬಂತು ಎಂಬುದರ ಪುರಾವೆ. ಇಬ್ಬರಿಗೂ ಹೊಂದಿಕೆಯಾಗಲಿಲ್ಲ. ಕೆಲವೇ ವರ್ಷಗಳಲ್ಲಿ ನೆರವು ನಿಂತಿತು. ಶಲ್ ಬರೆಯಬೇಕಿದ್ದ ದೊಡ್ಡ ವರದಿ ಹೊರಬರಲೇ ಇಲ್ಲ.

ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳನ್ನು ಒಂದೊಂದಾಗಿ ಎಣಿಸಿ ಬರೆದಿಟ್ಟದ್ದರಿಂದ ಅನುವಂಶೀಯತೆಯ ನಿಯಮಗಳು ಲೋಕಕ್ಕೆ ಸಿಕ್ಕಿದವು. ಬರ್ಬ್ಯಾಂಕ್ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಿಡಗಳನ್ನು ನೋಡಿದರು. ಆದರೆ ಆ ಜ್ಞಾನ ಅವರೊಡನೆಯೇ ಹೋಯಿತು. ಅಷ್ಟೇ ಅಲ್ಲ, ಗಿಡವು ತನ್ನ ಬಾಳಿನಲ್ಲಿ ಗಳಿಸಿದ ಗುಣ ಮಕ್ಕಳಿಗೂ ಇಳಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಶಾಸ್ತಾ ಡೇಸಿಯ ಮಾತನ್ನೇ ತೆಗೆದುಕೊಳ್ಳಿ. ನಾಲ್ಕು ಜಾತಿಗಳ ಬೆರಕೆ ಎಂದು ಅವರು ಹೇಳಿದರು. ಸಸ್ಯಶಾಸ್ತ್ರಜ್ಞರು ಇಂದು ಅದನ್ನು ಎರಡು ಯೂರೋಪಿನ ಜಾತಿಗಳ ಬೆರಕೆ ಎಂದೇ ಎಣಿಸುತ್ತಾರೆ. ಲೆಕ್ಕದ ಪುಸ್ತಕವಿದ್ದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಅದೇ ಶಲ್ ಮುಂದೆ ಮೆಕ್ಕೆಜೋಳದಲ್ಲಿ ಲೆಕ್ಕವಿಟ್ಟು ಪ್ರಯೋಗ ಮಾಡಿ, 1908ರಲ್ಲಿ ಹೈಬ್ರಿಡ್ ಮೆಕ್ಕೆಜೋಳಕ್ಕೆ ದಾರಿ ತೋರಿಸಿದರು. ಇಂದು ದಾವಣಗೆರೆ, ಹಾವೇರಿ ಕಡೆಯ ಹೊಲಗಳಲ್ಲಿ ಬಿತ್ತುವ ಹೈಬ್ರಿಡ್ ಬೀಜದ ಮೂಲ ತತ್ವ ಅದೇ.

ಮುಳ್ಳಿಲ್ಲದ ಕಳ್ಳಿ

ಬರ್ಬ್ಯಾಂಕರ ಬದುಕಿನ ಮತ್ತೊಂದು ಪ್ರಸಂಗ ರೈತರು ಎಚ್ಚರದಿಂದ ಓದಬೇಕಾದದ್ದು. ನಮ್ಮಲ್ಲಿ ಬೇಲಿಗೆ ಬೆಳೆಯುವ ಪಾಪಾಸುಕಳ್ಳಿಯ ಜಾತಿಯ ಗಿಡಗಳಿಂದ ಮುಳ್ಳನ್ನು ಕಳೆದರೆ ಮರುಭೂಮಿಯಲ್ಲಿ ದನಗಳಿಗೆ ಮೇವಾಗುತ್ತದೆ ಎಂದು ಅವರು ಯೋಚಿಸಿದರು. ಹಲವು ದೇಶಗಳಿಂದ ಕಳ್ಳಿಗಳನ್ನು ತರಿಸಿ, ಬೆರೆಸಿ, ಆರಿಸಿ, ಕೈಯಿಂದ ಸವರಬಹುದಾದ ಕಳ್ಳಿಯನ್ನು ಪಡೆದರು. 1907ರಲ್ಲಿ ಅದರ ಬೆಲೆಪಟ್ಟಿ ಹೊರಟಿತು.

ಗಿಡ ನಿಜವಾದದ್ದೇ. ಆದರೆ ಪ್ರಚಾರ ಗಿಡಕ್ಕಿಂತ ಎತ್ತರ ಬೆಳೆಯಿತು. ಮಳೆಯಿಲ್ಲದ ಭೂಮಿಯೆಲ್ಲ ಬಂಗಾರವಾಗುತ್ತದೆ ಎಂದು ಜನ ನಂಬಿದರು. ಮುಳ್ಳು ಕಳ್ಳಿಗೆ ಕಾವಲು. ಅದು ಹೋದ ಮೇಲೆ ಎಳೆಯ ಗಿಡವನ್ನೇ ದನಗಳೂ ಕಾಡುಪ್ರಾಣಿಗಳೂ ಮೇಯ್ದು ಮುಗಿಸುತ್ತವೆ. ಆದ್ದರಿಂದ ಬೇಲಿ ಬೇಕು, ಆರಂಭದಲ್ಲಿ ಆರೈಕೆ ಬೇಕು, ಹಿಮ ಬೀಳುವ ಕಡೆ ಅದು ಉಳಿಯದು. ಈ ಮಾತುಗಳು ಜಾಹೀರಾತಿನ ಗದ್ದಲದಲ್ಲಿ ಮರೆಯಾದವು.

1912ರಲ್ಲಿ ಅವರ ಹೆಸರಿನಲ್ಲಿ ಮಾರಾಟದ ಕಂಪನಿಯೊಂದು ಹುಟ್ಟಿತು. ಬರ್ಬ್ಯಾಂಕ್ ತಳಿ ಕೊಡುವವರು, ವ್ಯಾಪಾರ ಬೇರೆಯವರದು. ಬೇಡಿಕೆಗೆ ತಕ್ಕಷ್ಟು ಗಿಡ ಇಲ್ಲದಾಗ ಸಾಮಾನ್ಯ ಕಳ್ಳಿಯ ಮುಳ್ಳು ಕಳೆದು ಮಾರಿದರೆಂಬ ದೂರು ಬಂತು. ಕೊಂಡವರು ನಷ್ಟಪಟ್ಟರು. ಕೆಲವೇ ವರ್ಷಗಳಲ್ಲಿ ಕಂಪನಿ ದಿವಾಳಿಯಾಯಿತು. ಮಾಡಿದವರು ಯಾರೇ ಆಗಲಿ, ಕೆಟ್ಟ ಹೆಸರು ಬಂದದ್ದು ಬರ್ಬ್ಯಾಂಕರಿಗೆ. ಎಷ್ಟು ದೊಡ್ಡವರ ಹೆಸರಿನಲ್ಲಿ ಬಂದ ಬೀಜವಾದರೂ ನಮ್ಮ ನೆಲದಲ್ಲಿ ಸಣ್ಣ ತುಂಡಿನಲ್ಲಿ ಬೆಳೆದು ನೋಡದೆ ಇಡೀ ಹೊಲಕ್ಕೆ ಹಾಕಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕೊನೆಯ ವರ್ಷಗಳು

ಇಷ್ಟಾದರೂ ಜನರ ಪ್ರೀತಿ ಕಡಿಮೆಯಾಗಲಿಲ್ಲ. 1915ರಲ್ಲಿ ಥಾಮಸ್ ಎಡಿಸನ್, ಹೆನ್ರಿ ಫೋರ್ಡ್ ಅವರಂಥವರು ಸಾಂಟಾ ರೋಸಾಕ್ಕೆ ಬಂದು ಅವರನ್ನು ಕಂಡರು. ಭಾರತದಿಂದ ಹೋಗಿದ್ದ ಪರಮಹಂಸ ಯೋಗಾನಂದರು ಅವರ ಸ್ನೇಹಿತರಾದರು. 1946ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಆತ್ಮಕಥೆಯನ್ನು ಯೋಗಾನಂದರು ಬರ್ಬ್ಯಾಂಕರ ನೆನಪಿಗೇ ಅರ್ಪಿಸಿದ್ದಾರೆ.

1926ರ ಆರಂಭದಲ್ಲಿ ಒಂದು ಪತ್ರಿಕೆಯವರಿಗೆ ಧರ್ಮ, ಮರಣಾನಂತರದ ಬದುಕು ಇವುಗಳ ವಿಷಯದಲ್ಲಿ ತಮಗೆ ಸಾಂಪ್ರದಾಯಿಕ ನಂಬಿಕೆ ಇಲ್ಲವೆಂದು ಬಿಚ್ಚುಮನಸ್ಸಿನಿಂದ ತಿಳಿಸಿದರು. ಅದರಿಂದ ದೊಡ್ಡ ಗಲಾಟೆ ಎದ್ದಿತು. ಮೆಚ್ಚಿಯೂ ನಿಂದಿಸಿಯೂ ರಾಶಿ ರಾಶಿ ಕಾಗದಗಳು ಬಂದವು. ಕೆಲವೇ ವಾರಗಳಲ್ಲಿ ಹೃದಯಾಘಾತಕ್ಕೆ ತುತ್ತಾಗಿ, ಏಪ್ರಿಲ್ 11ರಂದು, 77ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮ ತೋಟದಲ್ಲಿಯೇ, ಸೀಡರ್ ಮರವೊಂದರ ಕೆಳಗೆ ಅವರನ್ನು ಮಣ್ಣು ಮಾಡಿದರು. ಆ ಮನೆ ಮತ್ತು ತೋಟ ಈಗ ಸಾರ್ವಜನಿಕರಿಗೆ ತೆರೆದಿದೆ. ಅವರ ಹುಟ್ಟುಹಬ್ಬವಾದ ಮಾರ್ಚ್ 7ನ್ನು ಕ್ಯಾಲಿಫೋರ್ನಿಯಾದಲ್ಲಿ ಗಿಡ ನೆಡುವ ದಿನವಾಗಿ ಆಚರಿಸುತ್ತಾರೆ.

ತಳಿಗಾರನಿಗೆ ಸಲ್ಲಬೇಕಾದದ್ದು

ಯಂತ್ರ ಕಂಡುಹಿಡಿದವನಿಗೆ ಅದರ ಮೇಲೆ ಹಕ್ಕು ಇತ್ತು. ಗಿಡ ಕಂಡುಹಿಡಿದವನಿಗೆ ಇರಲಿಲ್ಲ. ಒಂದು ಗಿಡ ಮಾರಿದ ಮೇಲೆ ಯಾರು ಬೇಕಾದರೂ ಅದರಿಂದ ಸಾವಿರ ಗಿಡ ಮಾಡಿ ಮಾರಬಹುದಿತ್ತು. ಈ ಕೊರಗು ಬರ್ಬ್ಯಾಂಕರನ್ನು ಬಾಳುದ್ದಕ್ಕೂ ಕಾಡಿತು. ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, 1930ರಲ್ಲಿ, ಅಮೆರಿಕದಲ್ಲಿ ಸಸ್ಯ ಪೇಟೆಂಟ್ ಕಾಯ್ದೆ ಬಂತು. ಅದರ ಪರವಾಗಿ ಮಾತಾಡಿದವರು ಅವರ ಹೆಸರನ್ನೇ ಮುಂದಿಟ್ಟರು. ಅವರ ಕೆಲವು ತಳಿಗಳಿಗೆ ಮರಣಾನಂತರ ಪೇಟೆಂಟ್ ದೊರೆಯಿತು. ಆದರೆ ಗೆಡ್ಡೆಯಿಂದ ಬೆಳೆಯುವ ಆಲೂಗಡ್ಡೆಯಂಥ ಬೆಳೆಗಳನ್ನು ಆ ಕಾಯ್ದೆ ಹೊರಗೆ ಇಟ್ಟಿತು! ಅವರಿಗೆ ಹೆಸರು ತಂದ ಮೊದಲ ತಳಿಗೇ ಅದರ ರಕ್ಷಣೆ ದೊರೆಯುವಂತಿರಲಿಲ್ಲ.

ಇಂದು ಪಾಲಿಹೌಸಿನಲ್ಲಿ ಬೆಳೆಯುವ ಕಾರ್ನೇಷನ್, ಜರ್ಬೆರಾ ಸಸಿಗಳ ಬೆಲೆಯಲ್ಲಿ ತಳಿಗಾರರಿಗೆ ಸಲ್ಲುವ ರಾಯಧನವೂ ಸೇರಿರುವುದುಂಟು. ನಮ್ಮ ದೇಶದಲ್ಲಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ತಳಿಗಾರರಿಗೆ ಹಕ್ಕು ಕೊಟ್ಟಿದೆ. ಜೊತೆಗೆ, ರೈತರು ತಾವು ಬೆಳೆದದ್ದರಿಂದ ಬೀಜ ಉಳಿಸಿಕೊಂಡು ಬಿತ್ತುವ, ತಾವೇ ರೂಪಿಸಿದ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸುವ ಹಕ್ಕನ್ನೂ ಕೊಟ್ಟಿದೆ.

ರೈತರು ಮಾಡಬಹುದಾದದ್ದು

ಬರ್ಬ್ಯಾಂಕರಂತೆ ಲಕ್ಷಗಟ್ಟಲೆ ಗಿಡ ಬೆಳೆಸಿ ಸುಡುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಆ ಒಂದು ಕಾಯಿಯನ್ನು ಕಂಡ ಕಣ್ಣು ಹೊಲದಲ್ಲಿ ದುಡಿಯುವ ಯಾರಿಗಾದರೂ ಇರಬಹುದು.

ಸಾಲಿನಲ್ಲಿ ಒಂದು ಗಿಡ ಬೇರೆಯಾಗಿ ಕಂಡರೆ, ಉದಾಹರಣೆಗೆ ಸುತ್ತಲಿನವು ರೋಗದಿಂದ ಬಾಡಿದರೂ ಅದು ಹಸಿರಾಗಿದ್ದರೆ, ಅದಕ್ಕೆ ಗೂಟ ನೆಟ್ಟು ಬಣ್ಣದ ದಾರ ಕಟ್ಟಿ. ಅದರ ಬೀಜ ಅಥವಾ ಗೆಡ್ಡೆಯನ್ನು ಬೇರೆಯಾಗಿ ಕೊಯ್ದು, ಬೇರೆಯಾಗಿ ಇಡಿ. ಮುಂದಿನ ಹಂಗಾಮಿನಲ್ಲಿ ಮೂಲ ತಳಿಯ ಪಕ್ಕದಲ್ಲಿಯೇ, ಅದೇ ಗೊಬ್ಬರ ನೀರು ಕೊಟ್ಟು ಬೆಳೆಯಿರಿ. ಎರಡು ಮೂರು ಹಂಗಾಮು ಆ ಗುಣ ನಿಂತರೆ ಮಾತ್ರ ಅದನ್ನು ಹೊಸದೆಂದು ತಿಳಿಯಬಹುದು. ಒಂದು ವರ್ಷ ಹೆಚ್ಚು ಗೊಬ್ಬರ ಬಿದ್ದ ಜಾಗದಲ್ಲಿ ಎದ್ದ ಗಿಡವೂ ದೊಡ್ಡದಾಗಿಯೇ ಕಾಣುತ್ತದೆ.

ಹೂ ಬೆಳೆಗಾರರು ಕೊಂಬೆಗಳ ಮೇಲೂ ಕಣ್ಣಿಡಬೇಕು. ಕಾರ್ನೇಷನ್, ಸೇವಂತಿಗೆ, ಗುಲಾಬಿಗಳಲ್ಲಿ ಒಂದೇ ಗಿಡದ ಒಂದು ಕೊಂಬೆ ಮಾತ್ರ ಬೇರೆ ಬಣ್ಣದ ಹೂ ಬಿಡುವುದುಂಟು. ವಿಲಿಯಂ ಸಿಮ್ ಎಂಬ ಒಂದೇ ಕೆಂಪು ಕಾರ್ನೇಷನ್ನಿನಿಂದ ಬಿಳಿ, ಗುಲಾಬಿ ಮುಂತಾದ ಬಣ್ಣಗಳ ತಳಿಗಳು ದೊರೆತದ್ದು ಹೀಗೆಯೇ. ಅಂಥ ಕೊಂಬೆಯ ಚಿಗುರನ್ನು ತೆಗೆದು ಬೇರು ಬರಿಸಿ, ಬೇರೆ ಕುಂಡದಲ್ಲಿ ಬೆಳೆಸಿ ನೋಡಿ. ಆದರೆ ಎಸಳಿನ ಮೇಲೆ ಚುಕ್ಕೆ, ಗೆರೆ, ಎಲೆ ಮುದುಡು ಕಂಡರೆ ಅದು ನಂಜುರೋಗವೂ ಇರಬಹುದು. ಅಂಥದನ್ನು ತಜ್ಞರಿಗೆ ತೋರಿಸದೆ ಹೆಚ್ಚಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಪುಸ್ತಕ. ಗಿಡ ಕಂಡ ದಿನ, ಹೊಲದ ಯಾವ ಭಾಗ, ಮೂಲ ಬೀಜ ಎಲ್ಲಿಯದು, ಹೂ ಬಂದದ್ದು ಎಷ್ಟು ದಿನಕ್ಕೆ, ಇಳುವರಿ ಎಷ್ಟು ಎಂಬುದನ್ನು ಮಕ್ಕಳ ಕೈಯಲ್ಲಾದರೂ ಬರೆಸಿ ಇಡಿ. ತಳಿ ನೋಂದಾಯಿಸಲು ಹೊರಟಾಗ ಮೊದಲು ಕೆಲಸಕ್ಕೆ ಬರುವುದು ಆ ಬರಹವೇ. ಲಕ್ಷಾಂತರ ಗಿಡಗಳನ್ನು ಬಲ್ಲ ಬರ್ಬ್ಯಾಂಕ್ ನಮಗೆ ಗಿಡಗಳನ್ನು ಬಿಟ್ಟು ಹೋದರು. ಅವುಗಳನ್ನು ಪಡೆದ ದಾರಿಯ ಲೆಕ್ಕವನ್ನು ಬಿಟ್ಟು ಹೋಗಲಿಲ್ಲ. ಅವರ ಕಣ್ಣು ನಮಗೆ ಬರಲಿ. ಜೊತೆಗೆ ಅವರಲ್ಲಿ ಇಲ್ಲದಿದ್ದ ಲೆಕ್ಕದ ಪುಸ್ತಕವೂ ನಮ್ಮ ಕೈಯಲ್ಲಿ ಇರಲಿ.